ಓಡುವಾಗ ಹೊಟ್ಟೆ ಹಿಂಡುತ್ತದೆ, ಏನು ತಿನ್ನಲಿ?

ಪ್ರಶ್ನೆ: ನಮಸ್ಕಾರ ಮೇಡಂ. ಕಲಬುರಗಿಯ ಅಪ್ಪನ ಕೆರೆ ಹತ್ತಿರ ದಿನಾ ಬೆಳಗ್ಗೆ 5.30ಕ್ಕೆ ಓಡುತ್ತೇನೆ. ವಯಸ್ಸು 34, ತೂಕ 60 ಕಿಲೋ. 6 ಕಿ.ಮೀ. ತನಕ ಏನೂ ತೊಂದರೆ ಇಲ್ಲ. ಆಮೇಲೆ ಹೊಟ್ಟೆ ಗುಡುಗುಡು ಅನ್ನುತ್ತದೆ, ಸೀದಾ ಮನೆ ಕಡೆ ಓಡಬೇಕಾಗುತ್ತದೆ. ರಾತ್ರಿ 9.30ಕ್ಕೆ ಊಟ: ಮೂರು ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ). ಬೆಳಗ್ಗೆ ಎದ್ದ ಕೂಡಲೇ ಹಾಲಿನ ಚಹಾ. ಖಾಲಿ ಹೊಟ್ಟೆಯಲ್ಲಿ ಹೋಗಬೇಡ ಅಂತ ಅವ್ವ ಅರ್ಧ ರೊಟ್ಟಿ ಕೈಗೆ ಕೊಡುತ್ತಾಳೆ. ಮುಂದಿನ ತಿಂಗಳು 21 ಕಿ.ಮೀ. ಓಟ ಇದೆ.

ಡಯಟಿಷಿಯನ್: ರೊಟ್ಟಿ ಬಿಡಿ ಅಂದರೆ ನಿಮ್ಮ ಅವ್ವ ನನ್ನನ್ನು ಬಿಡುವುದಿಲ್ಲ ರೀ. ಬಿಡುವುದೂ ಬೇಡ, ಹೊತ್ತು ಬದಲಿಸಿ ಸಾಕು.

ಓಡುವಾಗ ರಕ್ತ ಕಾಲಿನ ಕಡೆ ಜಾಸ್ತಿ ಹರಿಯುತ್ತದೆ, ಕರುಳಿಗೆ ಕಡಿಮೆಯಾಗುತ್ತದೆ. ಆಗ ಹೊಟ್ಟೆಯಲ್ಲಿ ಇದ್ದದ್ದು ಇದ್ದಲ್ಲೇ ಕೂರುತ್ತದೆ, ಮೇಲಿಂದ ಕುಲುಕಾಟ ಬೇರೆ. ನಿಮ್ಮ ರಾತ್ರಿ ಊಟ ನೋಡಿ. ಪುಂಡಿ ಪಲ್ಯದಲ್ಲಿ ಸೊಪ್ಪು, ತೊಗರಿ ಬೇಳೆ, ಜೋಳದ ನುಚ್ಚು; ಜೊತೆಗೆ ಜೋಳದ್ದೇ ರೊಟ್ಟಿ. ಎಲ್ಲ ನಾರು. ಶೇಂಗಾ ಹಿಂಡಿಯ ಎಣ್ಣೆ ಜೀರ್ಣವನ್ನು ಇನ್ನೂ ನಿಧಾನ ಮಾಡುತ್ತದೆ. ಊಟಕ್ಕೆ ಬಲು ಒಳ್ಳೆಯದು, ಓಟದ ಹಿಂದಿನ ರಾತ್ರಿಗೆ ಅಲ್ಲ.

ದೂರ ಓಡುವ ದಿನದ ಹಿಂದಿನ ರಾತ್ರಿ ಮಾತ್ರ 8 ಗಂಟೆಯೊಳಗೆ ಅನ್ನ, ತಿಳಿಸಾರು ಉಣ್ಣಿ. ಬೆಳಗ್ಗೆ ಹೊರಡುವ ಒಂದು ಗಂಟೆ ಮುಂಚೆ ಒಂದು ಬಾಳೆಹಣ್ಣು. 8-10 ಕಿ.ಮೀ.ಗೆ ಅಷ್ಟು ಸಾಕು. 21 ಕಿ.ಮೀ. ದಿನ ಕಿಲೋ ತೂಕಕ್ಕೆ 1 ಗ್ರಾಂ ಲೆಕ್ಕದಲ್ಲಿ ನಿಮಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಬಾಳೆಹಣ್ಣು, ಜಾಮ್ ಹಚ್ಚಿದ ಎರಡು ಬಿಳಿ ಬ್ರೆಡ್ ಅಂದರೆ ಹೆಚ್ಚುಕಡಿಮೆ ಅಷ್ಟಾಯಿತು. ಒಣ ಚುರುಮುರಿ ಬೆಲ್ಲವೂ ನಡೆಯುತ್ತದೆ. ನೆನೆಸಿದ ಚುರುಮುರಿಯ ಸುಸಲಾ ಬೇಡ, ಅದರಲ್ಲಿ ಉಳ್ಳಾಗಡ್ಡಿ, ಪುಟಾಣಿ ಹಿಟ್ಟು, ಎಣ್ಣೆ ಇರುತ್ತದೆ. ಓಡಿ ಬಂದ ಮೇಲೆ ತಿನ್ನಿ.

ಚಹಾ ಕರುಳನ್ನು ಎಬ್ಬಿಸುತ್ತದೆ. 4.30ಕ್ಕೇ ಕುಡಿದು, ಟಾಯ್ಲೆಟ್‌ಗೆ ಹೋಗಿಯೇ ಹೊರಡಿ. ಒಂದು ವಾರ ಹಾಲಿಲ್ಲದ ಚಹಾ ಕುಡಿದು ನೋಡಿ. ಹಾಲು ಆಗಿಬರದವರು ನಮ್ಮಲ್ಲಿ ಬಹಳ ಜನ ಇದ್ದಾರೆ.

ಇನ್ನೊಬ್ಬ ಸದಸ್ಯ: ಮೇಡಂ, ನಾನು ಗ್ಲುಕೋಸ್ ಪುಡಿ ಗಟ್ಟಿಯಾಗಿ ಕಲಸಿ ಒಯ್ಯುತ್ತೇನೆ. ಮೊಣಕಾಲು ನೋವಿಗೆ ಓಡುವ ಮುಂಚೆ ಒಂದು ಐಬುಪ್ರೊಫೇನ್ ಕೂಡ. ನಡೆಯುತ್ತಾ?

ಡಯಟಿಷಿಯನ್: ಎರಡೂ ಬೇಡ ಅಣ್ಣಾ. ಗಟ್ಟಿ ಸಕ್ಕರೆ ನೀರು ಕರುಳಿಗೆ ಇನ್ನಷ್ಟು ನೀರು ಎಳೆಯುತ್ತದೆ, ಭೇದಿಯಾಗುತ್ತದೆ. ಓಆರ್‌ಎಸ್ ಒಯ್ದರೆ 1 ಲೀಟರ್ ಪ್ಯಾಕೆಟ್ಟನ್ನು ಪೂರ್ತಿ 1 ಲೀಟರ್ ನೀರಿಗೇ ಹಾಕಿ. ನಮ್ಮ ಬಿಸಿಲಿಗೆ ಮೈಯಲ್ಲಿ ನೀರು ಕಡಿಮೆಯಾದರೂ ಹೊಟ್ಟೆ ಕೆಡುತ್ತದೆ. ಆ ಮಾತ್ರೆ ಕರುಳಿನ ಒಳಪದರಕ್ಕೆ ಪೆಟ್ಟು ಕೊಡುತ್ತದೆ, ಓಟದ ಜೊತೆಗಂತೂ ಜಾಸ್ತಿ. ಮೊಣಕಾಲನ್ನು ಡಾಕ್ಟರಿಗೆ ತೋರಿಸಿ. ಮಲದಲ್ಲಿ ರಕ್ತ ಕಂಡರೆ, ಸುಮ್ನೆ ತೂಕ ಇಳಿದರೆ ಊಟ ಬದಲಿಸುತ್ತಾ ಕೂರಬೇಡಿ, ಅದನ್ನೂ ತೋರಿಸಿ.

ಪ್ರಶ್ನೆ ಕೇಳಿದವರು (ಎರಡು ವಾರದ ನಂತರ): ಮೇಡಂ, ಈ ಭಾನುವಾರ 14 ಕಿ.ಮೀ. ಆಯಿತು, ಹೊಟ್ಟೆ ತಣ್ಣಗಿತ್ತು. ಆದರೆ 11ನೇ ಕಿ.ಮೀ.ಗೆ ಕಾಲು ಸೋತವು. ಓಟದ ದಿನ ಖರ್ಜೂರ ಒಯ್ಯಲಾ?

ಡಯಟಿಷಿಯನ್: ಮುಂದಿನ ಭಾನುವಾರವೇ ಒಯ್ದು ನೋಡಿ. 45 ನಿಮಿಷಕ್ಕೆ ಎರಡು ಖರ್ಜೂರ, ಎರಡು ಗುಟುಕು ನೀರಿನ ಜೊತೆ. ಅಲ್ಲಿ ಒಗ್ಗಿದರೆ ಮಾತ್ರ ಓಟದ ದಿನ ಜೇಬಿಗೆ.