400 ಗಜದಲ್ಲಿ ಗುಂಡು ನಾಲ್ಕು ಇಂಚು ಕೆಳಗೆ: ತಪ್ಪು ಸ್ಕೋಪಿನದಾ, ನನ್ನದಾ?

ಡೆನ್ವರ್_ಹೊಸಬ:
ಕೊಲೊರಾಡೊದಲ್ಲಿ ಇದು ನನ್ನ ಮೊದಲ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆ ಸೀಸನ್. ಹಂಟರ್ ಕಾರ್ಡ್, ಟ್ಯಾಗ್, ಕಿತ್ತಳೆ ಜಾಕೆಟ್ ಎಲ್ಲಾ ಆಯ್ತು. ರೈಫಲ್ .308, 20 ಇಂಚಿನ ಬ್ಯಾರೆಲ್, 168 ಗ್ರೇನ್ ತೂಕದ ಗುಂಡು. ಸ್ಕೋಪಿನಲ್ಲಿ (ರೈಫಲ್ ಮೇಲಿನ ಗುರಿ ದುರ್ಬೀನು) ಒಂದು ಕ್ಲಿಕ್ ಅಂದರೆ ಕಾಲು ಎಂಒಎ (ಕೋನದ ಅಳತೆ, ಒಂದು ಡಿಗ್ರಿಯ 60ರಲ್ಲಿ ಒಂದು ಪಾಲು). 100 ಗಜಕ್ಕೆ ಝೀರೋ ಮಾಡಿದ್ದೇನೆ (ಗುರಿಯಿಟ್ಟಲ್ಲೇ ಗುಂಡು ಬೀಳುವ ಹಾಗೆ), ಮೂರು ಗುಂಡೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂರುತ್ತವೆ. ಗುಂಡು ಎಷ್ಟು ಇಳಿಯುತ್ತದೆ ಅಂತ ಲೆಕ್ಕ ಹಾಕುವ ಆ್ಯಪ್ 400 ಗಜಕ್ಕೆ 7 ಎಂಒಎ ಏರಿಸು ಅಂತು, 28 ಕ್ಲಿಕ್ ಎಣಿಸಿ ತಿರುಗಿಸಿದೆ, ಗಾಳಿಯೂ ಇರಲಿಲ್ಲ, ಆದರೂ ಪ್ರತಿ ಸಲ ನಾಲ್ಕು ಇಂಚು ಕೆಳಗೆ. ಸುಮ್ನೆ ಇನ್ನೊಂದು ನಾಲ್ಕು ಕ್ಲಿಕ್ ಜಾಸ್ತಿ ಕೊಟ್ಟುಬಿಡಲಾ?

ಬೋಲ್ಟ್_ಭಟ್ಟ:
ಬೇಡ ಗುರು. 400ರಲ್ಲಿ ಸರಿಹೋಗುತ್ತದೆ, 300ರಲ್ಲಿ ಮತ್ತೆ ತಲೆ ಕೆಡುತ್ತದೆ. ಆ್ಯಪ್‌ಗೆ ವೇಗ ಎಲ್ಲಿಂದ ಕೊಟ್ಟಿರಿ? ಗುಂಡಿನ ಡಬ್ಬಿ ನೋಡಿ ತಾನೆ? ಅದನ್ನು ಸಾಮಾನ್ಯವಾಗಿ 24 ಇಂಚಿನ ಬ್ಯಾರೆಲ್‌ನಲ್ಲಿ ಅಳೆದಿರುತ್ತಾರೆ. ನಿಮ್ಮದು ಗಿಡ್ಡ, ಅಷ್ಟು ವೇಗ ಬರುವುದಿಲ್ಲ. ಯಾರ ಹತ್ತಿರವಾದರೂ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಇಸ್ಕೊಂಡು ಅಳೆಯಿರಿ.

ಆಮೇಲೆ ಸ್ಕೋಪ್. 100 ಗಜದಲ್ಲಿ ಉದ್ದ ರಟ್ಟು ನಿಲ್ಲಿಸಿ, ಗಾರೆ ಕೆಲಸದವರ ಹಾಗೆ ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟು ನೆಟ್ಟಗೆ ಒಂದು ಗೆರೆ ಎಳೆಯಿರಿ. ಕೆಳಗಿನ ಚುಕ್ಕಿಗೆ ಝೀರೋದಲ್ಲಿ ಮೂರು ಗುಂಡು, 80 ಕ್ಲಿಕ್ ಏರಿಸಿ ಅದೇ ಚುಕ್ಕಿಗೆ ಗುರಿಯಿಟ್ಟು ಮತ್ತೆ ಮೂರು. ನಡುವೆ 20.9 ಇಂಚು ಬರಬೇಕು. ಬರೀ 20 ಅಲ್ಲ, ಯಾಕಂದ್ರೆ 100 ಗಜದಲ್ಲಿ ಒಂದು ಎಂಒಎ ಅಂದರೆ 1.047 ಇಂಚು. ಮೇಲಿನ ಗುಂಪು ಗೆರೆ ಬಿಟ್ಟು ಪಕ್ಕಕ್ಕೆ ಹೋಯ್ತಾ, ಸ್ಕೋಪ್ ವಾಲಿದೆ ಅಂತ ಲೆಕ್ಕ.

ಕೊಡವ_ಮೊಂಟಾನಾ:
ಊರಲ್ಲಿ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ತೆಂಗಿನಕಾಯಿ ಹೊಡೆಯುವಾಗ ನಮಗೆ ಕ್ಲಿಕ್ಕೂ ಇಲ್ಲ, ಲೆಕ್ಕವೂ ಇಲ್ಲ. ಇಲ್ಲಿಗೆ ಬಂದ ಮೇಲೆ ಗಣಿತ ಕಲಿತೆ 😄 ಬೆಟ್ಟದಲ್ಲಿ 30 ಡಿಗ್ರಿ ಇಳಿಜಾರಿಗೆ ಹೊಡೆಯುವಾಗ ರೇಂಜ್‌ಫೈಂಡರ್ 400 ತೋರಿಸಿದರೂ ಕೊಡಬೇಕಾದ್ದು ಸಮತಲದ ದೂರಕ್ಕೆ, ಅಂದರೆ 346 ಗಜದ ಕ್ಲಿಕ್. ಟರೆಟ್ (ಕ್ಲಿಕ್ ತಿರುಗಿಸುವ ಗುಬುಟು) ವಾಪಸ್ ಝೀರೋಗೆ ತರೋದು ಮಾತ್ರ ಮರೀಬೇಡಿ. ನಾನೊಮ್ಮೆ ಹಿಂದಿನ ದಿನ 600 ಗಜಕ್ಕೆ ಏರಿಸಿದ್ದನ್ನು ಇಳಿಸದೆ ಹೋಗಿ, 120 ಗಜದಲ್ಲಿ ಅಡ್ಡ ನಿಂತಿದ್ದ ಎಲ್ಕ್‌ನ ಬೆನ್ನ ಮೇಲಿಂದ ಗುಂಡು ಹಾರಿಸಿದೆ. ಅದು ನನ್ನನ್ನೇ ನೋಡಿ ನಡೆದುಹೋಯ್ತು.

ಮೊದಲ ವರ್ಷ 300 ದಾಟಬೇಡಿ ಅಣ್ಣ. ಗುಂಡು 400 ಗಜ ಮುಟ್ಟೋದಕ್ಕೆ ಅರ್ಧ ಸೆಕೆಂಡ್ ಬೇಕು, ಅಷ್ಟರಲ್ಲಿ ಎಲ್ಕ್ ಒಂದು ಹೆಜ್ಜೆ ಇಟ್ಟರೆ ಹೊಟ್ಟೆಗೆ ಬೀಳುತ್ತದೆ, ಅಲ್ವಾ?

ಡೆನ್ವರ್_ಹೊಸಬ:
ಶನಿವಾರ ಎರಡೂ ಮಾಡಿ ನೋಡಿದೆ. ಡಬ್ಬಿ ಮೇಲೆ ಸೆಕೆಂಡಿಗೆ 2,700 ಅಡಿ, ನನ್ನ ಬ್ಯಾರೆಲ್‌ನಲ್ಲಿ 2,610. ರಟ್ಟಿನ ಮೇಲೆ ಟೇಪ್ ಹಿಡಿದರೆ 19.9 ಇಂಚು. ಕಳ್ಳರು ಇಬ್ಬರು! ಎರಡನ್ನೂ ಆ್ಯಪ್‌ಗೆ ಹಾಕಿದರೆ 400ಕ್ಕೆ 32 ಕ್ಲಿಕ್ ಅಂತು, ಅಂದರೆ ನಾನು ಕೇಳಿದ ಅದೇ ನಾಲ್ಕು ಜಾಸ್ತಿ. 300ಕ್ಕೆ ಮಾತ್ರ ಎರಡೇ. ಭಟ್ಟರೇ, ಒಪ್ಪಿದೆ. ಚೀಟಿ ಬರೆದು ರೈಫಲ್ ಹಿಡಿಗೆ ಅಂಟಿಸಿದ್ದೇನೆ, 300ರ ಸಾಲೇ ಕೊನೆ, ಅದರ ಕೆಳಗೆ ಇನ್ನೇನೂ ಬರೆದಿಲ್ಲ.