ಮುಳ್ಳೇರಿಯದಲ್ಲಿ ಧಾರವಾಡ 765 ಸರಿಯಾಗಿ ಹಿಡಿಯಲು ಏನು ಮಾಡಬೇಕು?

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಪ್ರಶ್ನೆ:
ನಮ್ಮ ಮನೆಯ ಸುತ್ತ ಅಡಿಕೆ ತೋಟ, ಮೂರು ಕಡೆ ಗುಡ್ಡ. ಅಪ್ಪನಿಗೆ ರಾತ್ರಿ ಧಾರವಾಡ ಆಕಾಶವಾಣಿಯ ಹಿಂದುಸ್ತಾನಿ ಗಾಯನ ಬೇಕೇ ಬೇಕು. ಮೀಡಿಯಂ ವೇವ್‌ನಲ್ಲಿ 765 ಕಿಲೋಹರ್ಟ್ಸ್‌ಗೆ ಇಟ್ಟರೆ ರಾಗಕ್ಕಿಂತ ಗರಗರ ಶಬ್ದವೇ ಜಾಸ್ತಿ. ಆ್ಯಪ್‌ನಲ್ಲಿ ಕೇಳಿಸೋಣ ಅಂದರೆ ಇಲ್ಲಿ ನೆಟ್‌ವರ್ಕ್ ಇಲ್ಲ. ರೇಡಿಯೊದ ಏರಿಯಲ್ ಪೂರ್ತಿ ಎಳೆದರೂ ಅಷ್ಟೇ. ಎರಡು ಅಡಿಕೆ ಮರಗಳ ನಡುವೆ ಉದ್ದ ತಂತಿ ಕಟ್ಟಿದರೆ ಆಗಬಹುದಾ?

ಪೆರ್ಲದ ರೇಡಿಯೊ ರಿಪೇರಿಯವರು:
ಮರಕ್ಕೆ ತಂತಿ ಕಟ್ಟಬೇಡಿ. ತುಲಾ ತಿಂಗಳ ಸಿಡಿಲು ನಮ್ಮ ಕಡೆ ಹೇಗಿರುತ್ತದೆ ಅಂತ ನಿಮಗೇ ಗೊತ್ತಲ್ವಾ. ಆ ತಂತಿ ನೇರ ಅಪ್ಪನ ಕೈಯಲ್ಲಿರುವ ರೇಡಿಯೊಗೆ ಬರುತ್ತದೆ.

ಸಣ್ಣ ರೇಡಿಯೊಗಳಲ್ಲಿ ಏರಿಯಲ್ ಇರುವುದು ಎಫ್‌ಎಂ, ಶಾರ್ಟ್‌ವೇವ್‌ಗೆ. ಮೀಡಿಯಂ ವೇವ್ ಹಿಡಿಯುವುದು ಒಳಗೆ ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ. ಅದಕ್ಕೆ ದಿಕ್ಕು ಮುಖ್ಯ.

ಮೊದಲು ಒಂದು ಕೆಲಸ ಮಾಡಿ. ರೇಡಿಯೊ ಸೆಲ್‌ನಲ್ಲಿ ಓಡಲಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ. ಗರಗರ ನಿಂತಿತಾ? ಹಾಗಾದರೆ ಕಳ್ಳ ಮನೆಯೊಳಗೇ ಇದ್ದಾನೆ. ಕಡಿಮೆ ಬೆಲೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇವೇ ಹೆಚ್ಚಾಗಿ. ಅದನ್ನು ಹುಡುಕದೆ ಆಂಟೆನಾ ಮಾಡಿದರೆ ಗರಗರವೂ ದೊಡ್ಡದಾಗಿ ಕೇಳುತ್ತದೆ, ಅಷ್ಟೇ.

ಆಮೇಲೆ ಲೂಪ್ ಮಾಡಿ, ಅಂದರೆ ಚೌಕಟ್ಟಿಗೆ ತಂತಿ ಸುತ್ತಿದ ಆಂಟೆನಾ. 85 ಸೆಂಟಿಮೀಟರ್‌ನ ಎರಡು ಮರದ ರೀಪು ನಡುವಿನಲ್ಲಿ ಒಂದಕ್ಕೊಂದು ಅಡ್ಡ ಕಟ್ಟಿ. ನಾಲ್ಕು ತುದಿಗೂ 5 ಸೆಂಟಿಮೀಟರ್ ಅಗಲದ ಪಟ್ಟಿ ಹೊಡೆದು, ಅರ್ಧರ್ಧ ಸೆಂಟಿಮೀಟರ್‌ಗೆ ಗರಗಸದಿಂದ ಕಚ್ಚು ಮಾಡಿ. ಅದರಲ್ಲಿ ವಯರಿಂಗ್‌ನ ಸಾದಾ ತಂತಿ 11 ಸುತ್ತು. ಚೌಕದ ಬದಿ 60 ಸೆಂಟಿಮೀಟರ್ ಬರುತ್ತದೆ, 30 ಮೀಟರ್ ತಂತಿ ಧಾರಾಳ ಸಾಕು. ಎರಡು ತುದಿಯನ್ನೂ ಹಳೆಯ ವಾಲ್ವ್ ರೇಡಿಯೊದ ಗ್ಯಾಂಗ್ ಕಂಡೆನ್ಸರ್‌ಗೆ (ಸ್ಟೇಷನ್ ಹಿಡಿಯಲು ತಿರುಗಿಸುವ ತಗಡುಗಳ ಭಾಗ) ಬೆಸುಗೆ ಹಾಕಿ: ಒಂದು ಅದರ ಲೋಹದ ಚೌಕಟ್ಟಿಗೆ, ಇನ್ನೊಂದು ಅಲುಗಾಡದ ತಗಡಿನ ಒಂದು ಸೆಕ್ಷನ್‌ಗೆ. ಅದು 500 ಪಿಕೊಫ್ಯಾರಡ್‌ನದಾದರೆ ಬ್ಯಾಂಡ್ ಪೂರ್ತಿ ಬರುತ್ತದೆ. 365ರದ್ದಾದರೆ ಇನ್ನು ಎರಡು ಮೂರು ಸುತ್ತು ಸೇರಿಸಿ. ತಿರುಗಣೆಗೆ ಪ್ಲಾಸ್ಟಿಕ್ ನಾಬ್ ಇರಲಿ, ಇಲ್ಲದಿದ್ದರೆ ಕೈ ತೆಗೆದ ಕೂಡಲೇ ಟ್ಯೂನ್ ಜಾರುತ್ತದೆ.

ಕರೆಂಟ್ ಬೇಡ, ರೇಡಿಯೊಗೆ ವಯರೂ ಬೇಡ. ಪಕ್ಕದಲ್ಲಿಟ್ಟರೆ ಸಾಕು. ರೇಡಿಯೊ 765ರಲ್ಲಿರಲಿ, ಗ್ಯಾಂಗ್ ನಿಧಾನ ತಿರುಗಿಸಿ. ಒಂದು ಜಾಗದಲ್ಲಿ ಸ್ವರ ದಿಢೀರ್ ಮೇಲೇಳುತ್ತದೆ. ತಂಬೂರಿ ಬೇರೆ, ಹಾರ್ಮೋನಿಯಂ ಬೇರೆ ಅಂತ ಕೇಳಿಸುತ್ತದೆ. ಇಷ್ಟು ವರ್ಷ ರಿಪೇರಿ ಮಾಡಿದರೂ ಆ ಕ್ಷಣ ನನಗೆ ಈಗಲೂ ಖುಷಿ.

ತಾಳವಾಡಿಯಿಂದ:
ನಾನು ಬೆಂಗಳೂರು 612ಕ್ಕೆ ಇದನ್ನೇ ಬಳಸುತ್ತೇನೆ. ಬೆಳಿಗ್ಗೆ 7.05ರ ಪ್ರದೇಶ ಸಮಾಚಾರ ಸ್ಪಷ್ಟ. ನನಗೆ ವಾಲ್ವ್ ರೇಡಿಯೊದ ಗ್ಯಾಂಗ್ ಗುಜರಿಯಲ್ಲಿ ಸಿಕ್ಕಿತು. ತಗಡುಗಳ ನಡುವಿನ ಧೂಳನ್ನು ಬ್ರಷ್‌ನಿಂದ ತೆಗೆಯಿರಿ. ಒಂದಕ್ಕೊಂದು ತಾಗಿದರೆ ಏನೂ ಬರುವುದಿಲ್ಲ.

ಮುಳ್ಳೇರಿಯದಿಂದ:
ಮೇನ್ ಆಫ್ ಮಾಡಿದೆ, ಅರ್ಧಕ್ಕರ್ಧ ಶಬ್ದ ಹೋಯಿತು! ಜಗಲಿಯ ಬಲ್ಬಿನದೇ ಕಾಟ. ಇನ್ನು ಲೂಪ್ ಯಾವ ಕಡೆ ತಿರುಗಿಸಬೇಕು? ಹಗಲೂ ಬರುತ್ತದಾ?

ಪೆರ್ಲದ ರೇಡಿಯೊ ರಿಪೇರಿಯವರು:
ಧಾರವಾಡ ನಮಗೆ ಹೆಚ್ಚುಕಡಿಮೆ ನೇರ ಉತ್ತರಕ್ಕೆ. ಲೂಪನ್ನು ನಿಲ್ಲಿಸಿ, ಅಂಚು ಉತ್ತರ-ದಕ್ಷಿಣಕ್ಕಿರಲಿ, ಮುಖ ಪೂರ್ವ-ಪಶ್ಚಿಮಕ್ಕೆ. ಒಳಗಿನ ಫೆರೈಟ್ ಕಡ್ಡಿ ಹೆಚ್ಚಾಗಿ ರೇಡಿಯೊದ ಉದ್ದಕ್ಕೇ ಇರುತ್ತದೆ, ಹಾಗಾಗಿ ರೇಡಿಯೊವನ್ನು ಪೂರ್ವ-ಪಶ್ಚಿಮ ಉದ್ದಕ್ಕೆ ಲೂಪ್ ಹತ್ತಿರ ಇಡಿ. ಬೆಂಗಳೂರು ಬೇಕಾದಾಗ ಎರಡನ್ನೂ ಕಾಲು ಸುತ್ತು ತಿರುಗಿಸಿ.

ಹಗಲಿನ ಬಗ್ಗೆ ಆಸೆ ಹುಟ್ಟಿಸುವುದಿಲ್ಲ. ದೂರ 300 ಕಿಲೋಮೀಟರ್ ಮೇಲಿದೆ. ಹಗಲು ನೆಲದ ಮೇಲೆ ಹರಿದು ಬರುವ ಅಲೆಯೇ ಗತಿ, ಮಧ್ಯೆ ಘಟ್ಟ ಬೇರೆ. ಕತ್ತಲಾದ ಮೇಲೆ ಆಕಾಶದ ಪದರಕ್ಕೆ ಬಡಿದು ಇಳಿಯುತ್ತದೆ, ಆದ್ದರಿಂದ ದೂರಕ್ಕೂ ಸಿಗುತ್ತದೆ. ಹಾಗೆ ಬಂದ ಸ್ವರ ಆಗಾಗ ಏರಿಳಿಯುತ್ತದೆ, ಅದನ್ನು ಯಾವ ಆಂಟೆನಾವೂ ನಿಲ್ಲಿಸದು. ಅಪ್ಪನಿಗೆ ಮೊದಲೇ ಹೇಳಿಡಿ, ಸ್ವರ ತಗ್ಗಿದಾಗ ಗ್ಯಾಂಗ್ ಮುಟ್ಟಬೇಡಿ ಅಂತ. ಸ್ವಲ್ಪ ಹೊತ್ತಿಗೆ ತಾನಾಗಿ ಮೇಲೆ ಬರುತ್ತದೆ.