ಪ್ರೂಫ್ ನೋಡಿದ್ರೆ ಅರ್ಥ ಆಗುತ್ತೆ, ಬರೆಯೋಕೆ ಕೂತ್ರೆ ಪೆನ್ನೇ ಓಡಲ್ಲ

ಮೂರನೇ ಸೆಮ್ ಹುಡುಗ:
ಡಿಸ್ಕ್ರೀಟ್ ಮ್ಯಾಥ್ಸ್ ತಲೆ ತಿಂತಿದೆ. ಸರ್ ಬೋರ್ಡ್ ಮೇಲೆ ಬರೀವಾಗ ಸುಲಿದ ಬಾಳೆಹಣ್ಣು ಥರ ಅನ್ಸುತ್ತೆ, ರೂಮಿಗೆ ಬಂದು ಒಬ್ನೇ ಕೂತ್ರೆ ಮೊದಲ್ನೇ ಸಾಲೇ ಹೊಳೆಯಲ್ಲ. ಮೊನ್ನೆ ಇಂಟರ್ನಲ್ಸಲ್ಲಿ ಎನ್ ಸ್ಕ್ವೇರ್ ಪ್ಲಸ್ ಎನ್ ಯಾವಾಗ್ಲೂ ಸಮಸಂಖ್ಯೆ ಅಂತ ಪ್ರೂವ್ ಮಾಡಿ ಅಂದಿದ್ರು, ನಾನು 1ರಿಂದ 10ರವರೆಗೆ ಹಾಕಿ ನೋಡ್ದೆ, ಎಲ್ಲಾ ಸಮಾನೇ ಬಂತು, ಹೆನ್ಸ್ ಪ್ರೂವ್ಡ್ ಅಂತ ಗೆರೆ ಎಳೆದು ಬಂದೆ. ಸೊನ್ನೆ ಕೊಟ್ಟಿದಾರೆ. ಕೋಡ್ ಬರೆಯೋಕೆ ಇದೆಲ್ಲ ಯಾಕ್ರೀ ಬೇಕು?

ಹಳೇ ಬೆಂಚು:
ಸೊನ್ನೆ ನ್ಯಾಯವಾಗೇ ಇದೆ ಗುರೂ, ಬೇಜಾರಾಗ್ಬೇಡ. ಆ ಎನ್ ಸ್ಕ್ವೇರ್ ಪ್ಲಸ್ ಎನ್‌ಗೇ ಒಂದು 41 ಕೂಡಿಸಿ ನೋಡು. ಎನ್‌ಗೆ 0 ಹಾಕು, 1 ಹಾಕು, 39ರವರೆಗೂ ಬರೀ ಅವಿಭಾಜ್ಯ ಸಂಖ್ಯೆನೇ ಬರುತ್ತೆ, ಸತತ 40 ಸಲ! 40 ಹಾಕಿದ ತಕ್ಷಣ 1681, ಅಂದ್ರೆ 41 ಇಂಟು 41, ಕೈ ಕೊಡ್ತು. ನೀನು ಹತ್ತಕ್ಕೇ ನಿಲ್ಲಿಸಿದೀಯ.

ಟೆಸ್ಟರ್ ಅಣ್ಣ:
ಕೋಡ್‌ಗೆ ಯಾಕೆ ಅಂದ್ಯಲ್ಲ, ಜಾವಾ ಲೈಬ್ರರಿಲಿದ್ದ ಬೈನರಿ ಸರ್ಚಲ್ಲೇ (ಕ್ರಮವಾಗಿ ಜೋಡಿಸಿದ ಪಟ್ಟಿನ ಅರ್ಧರ್ಧ ಮಾಡ್ತಾ ಹುಡುಕೋದು) ತಪ್ಪಿತ್ತು, 2006ರಲ್ಲಿ ಬಯಲಾಯ್ತು. ನಡು ಜಾಗ ಹುಡುಕೋಕೆ ಲೋ, ಹೈ ಅಂದ್ರೆ ಎರಡು ತುದಿ ನಂಬರ್ ಕೂಡಿಸಿ ಎರಡರಿಂದ ಭಾಗಿಸೋ ಸಾಲು, ಮೊತ್ತ ಅಲ್ಲಿ ಹಿಡಿಸೋ ಮಿತಿ 214 ಕೋಟಿ ಚಿಲ್ಲರೆ ದಾಟಿದ್ರೆ ಮೈನಸ್ಸಿಗೆ ತಿರುಗುತ್ತೆ. ಟೆಸ್ಟ್ ಮಾಡೋವಾಗ ಅಷ್ಟು ದೊಡ್ಡ ಅರೇ (ಪಟ್ಟಿ) ಯಾರು ಹಾಕ್ತಾರೆ ಹೇಳು.

ಲೂಪಲ್ಲಿದೀನಿ:
ಶುರು ಹೆಂಗೆ ಮಾಡೋದು ಅಂತಾನೂ ಹೇಳ್ರಪ್ಪ ಅವನಿಗೆ. 4 ಸಾಲು 6 ಕಾಲಂ ಇರೋ ಚಾಕ್ಲೇಟ್ ಬಾರ್ ತಗೋ, ಒಂದ್ಸಲಕ್ಕೆ ಒಂದೇ ತುಂಡು ಹಿಡ್ಕೊಂಡು ಗೆರೆ ಮೇಲೆ ಮುರೀತಾ ಹೋಗು, 24 ಬಿಡಿ ಆಗೋಕೆ ಎಷ್ಟು ಸಲ ಮುರೀಬೇಕು? ಹೆಂಗೇ ಮುರಿ, 23. ಯಾಕಂದ್ರೆ ಒಂದ್ಸಲ ಮುರಿದ್ರೆ ಒಂದೇ ತುಂಡು ಜಾಸ್ತಿ ಆಗೋದು, ಶುರುವಲ್ಲಿ ಇದ್ದಿದ್ದು ಒಂದು. ಮುಂದೆ ಆಲ್ಗಾರಿದಮ್ಸ್ ಕ್ಲಾಸಲ್ಲಿ ಲೂಪ್ ಇನ್ವೇರಿಯಂಟ್ ಅಂತ ಹೆದರಿಸ್ತಾರೆ, ಅಂದ್ರೆ ಲೂಪ್ ಎಷ್ಟು ಸುತ್ತು ತಿರುಗಿದ್ರೂ ಬದಲಾಗದ ಮಾತು, ಅದೂ ಇಷ್ಟೇ, ತುಂಡಿನ ಲೆಕ್ಕದಲ್ಲಿ ಮುರಿದಿದ್ದು ಕಳೆದ್ರೆ ಯಾವಾಗ್ಲೂ 1. ಪ್ರತಿ ಹೆಜ್ಜೆಗೆ ಏನು ಬದಲಾಯ್ತು, ಏನು ಹಂಗೇ ಉಳೀತು ಅಂತ ನೋಡು, ಮೊದಲ್ನೇ ಸಾಲು ಅಲ್ಲೇ ಸಿಗುತ್ತೆ.

ಮೂರನೇ ಸೆಮ್ ಹುಡುಗ:
ಟ್ರೈ ಮಾಡ್ದೆ. ಎನ್‌ನಿಂದ ಎನ್ ಪ್ಲಸ್ 1ಕ್ಕೆ ಹೋದ್ರೆ ಉತ್ತರ ಎರಡು ಎನ್ ಪ್ಲಸ್ 2 ಜಾಸ್ತಿ ಆಗುತ್ತೆ, ಅದು ಸಮ, ಹಳೇದೂ ಸಮ, ಸೇರಿದ್ರೆ ಸಮ. ಮುಗೀತಾ??

ಹಳೇ ಬೆಂಚು:
ಭಲೇ. ಆದ್ರೆ ಹಳೇದು ಸಮ ಅಂತ ನಿಂಗೆ ಯಾರು ಹೇಳಿದ್ರು? ಎನ್ 1 ಆದಾಗ 2 ಬರುತ್ತೆ ಅಂತ ಮೇಲ್ಗಡೆ ಒಂದು ಸಾಲು ಬರಿ. ಅದಿಲ್ದಿದ್ರೆ ಇದೇ ವಾದ ಇಟ್ಕೊಂಡು ಎನ್ ಸ್ಕ್ವೇರ್ ಪ್ಲಸ್ ಎನ್ ಪ್ಲಸ್ 1 ಕೂಡ ಸಮ ಅಂತ ಪ್ರೂವ್ ಮಾಡಿಬಿಡಬಹುದು. ಹಾಕಿ ನೋಡು, ಒಂದ್ಸಲಾನೂ ಬರಲ್ಲ.